ಸೋಮವಾರದ ಗಂಟೆ

ನಾನು ಹುಟ್ಟು ಅನುಮಾನದ ಮನುಷ್ಯ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಎಳೆದು ನೋಡುತ್ತೇನೆ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳಿಗಿಂತ ತಕ್ಕಡಿ ಹಿಡಿದವನ ಕಿರುಬೆರಳನ್ನು ಹೆಚ್ಚು ನೋಡುತ್ತೇನೆ. ಹಾಲಿನವನು ಒಂದು ದಿನ ನಗುನಗುತ್ತಾ ಮಾತಾಡಿಸಿದರೆ ಅವತ್ತಿನ ಹಾಲಿಗೆ ಬೆರಳು ಅದ್ದಿ ಪರೀಕ್ಷೆ ಮಾಡುತ್ತೇನೆ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಆದರೆ ಈ ರೋಗವೇ ನಮ್ಮ ಮನೆಗೆ ಅನ್ನ ತಂದಿತು. ವೈರಿಂಗ್ ಕೆಲಸದಲ್ಲಿ ನಂಬಿದವನು ಕೆಡುತ್ತಾನೆ. ಫ್ಯೂಸು ಹೊಸದು ಅಂದರೆ ನಂಬಬಾರದು, ಸ್ವಿಚ್ಚು ಚೆನ್ನಾಗಿದೆ ಅಂದರೆ ನಂಬಬಾರದು, ಮನೆಯವರು 'ನಾವು ಏನನ್ನೂ ಮುಟ್ಟಿಲ್ಲ' ಅಂದರೆ ಸುತರಾಂ ನಂಬಬಾರದು. ಹೀಗೆ ಯಾರನ್ನೂ ನಂಬದೆ ಕೆಲಸ ಮಾಡಿ ಒಂದು ಸಲ ಎಂಥ ತಪ್ಪು ಮಾಡಿದೆ ಅನ್ನುವುದನ್ನು ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಾನು ವೈರ್‌ಮನ್ ಆಗಿದ್ದೆ. ಮನೆ ಉಪ್ಪಾರಹಳ್ಳಿಯಲ್ಲಿ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಒಬ್ಬ ಸಾಹುಕಾರರು ನಮ್ಮ ಅಂಗಡಿಗೆ ಬಂದು ತಮ್ಮ ಉಗ್ರಾಣಕ್ಕೆ ಬೆಂಕಿ ಗಂಟೆ ಹಾಕಿಸಬೇಕು ಅಂದರು. ಅವರ ಬೀದಿಯಲ್ಲೇ ಇನ್ನೊಬ್ಬರ ಉಗ್ರಾಣ ಹಿಂದಿನ ಬೇಸಗೆಯಲ್ಲಿ ಹೊತ್ತಿ ಉರಿದಿತ್ತು. ಕೊಬ್ಬರಿಗೆ ಬೆಂಕಿ ಬಿದ್ದರೆ ನೀರು ಹಾಕಿ ಪ್ರಯೋಜನವಿಲ್ಲ, ಅದು ಎಣ್ಣೆಯ ಬೆಂಕಿ. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಬಂದು ಜನ ನೋಡುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಸಾಹುಕಾರರು ಅದನ್ನು ಕಣ್ಣಾರೆ ಕಂಡು ಹೆದರಿದ್ದರು.

ಕೆಲಸ ನನಗೆ ಬಂತು. ಅದರ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಉಗ್ರಾಣದ ಸುತ್ತ ಒಂದೇ ತಂತಿ, ಕೊರಳಿಗೆ ಹಾಕಿದ ಸರದ ಹಾಗೆ. ಅದರ ಎರಡು ತುದಿಗಳು ಮೈಲುತುತ್ತ ಹಾಕಿದ ಗಾಜಿನ ಜಾಡಿಗಳ ಬ್ಯಾಟರಿಗೆ ಸೇರುತ್ತವೆ. ಸಣ್ಣದೊಂದು ಕರೆಂಟು ಈ ಸರದಲ್ಲಿ ಸದಾ ಸುತ್ತುತ್ತಿರುತ್ತದೆ. ಅದು ಸುತ್ತುವವರೆಗೆ ರಿಲೇ ಅನ್ನುವ ಪೆಟ್ಟಿಗೆಯೊಳಗಿನ ಕಬ್ಬಿಣದ ನಾಲಿಗೆ ಮೇಲಕ್ಕೆ ಅಂಟಿಕೊಂಡಿರುತ್ತದೆ. ಸರ ಎಲ್ಲಾದರೂ ಕಡಿದರೆ ನಾಲಿಗೆ ಬೀಳುತ್ತದೆ, ಬಿದ್ದರೆ ಗಂಟೆ ಹೊಡೆಯುತ್ತದೆ. ಯಾರಾದರೂ ಒಳಗೆ ಹೋಗಿ ನಾಲಿಗೆಯನ್ನು ಕೈಯಿಂದ ಎತ್ತಿ ಇಡುವವರೆಗೆ ನಿಲ್ಲುವುದಿಲ್ಲ. ತೊಲೆಗಳ ಕೆಳಗೆ ಬೇಗ ಕರಗುವ ಸೀಸದ ತುಂಡುಗಳನ್ನು ಸರದ ನಡುನಡುವೆ ಪೋಣಿಸಿದ್ದೆ. ಕಾವು ಏರಿದರೆ ಅವು ಕರಗಿ ಸರ ಕಡಿಯಬೇಕು. ಮುಂಬಾಗಿಲು, ಹಿಂಬಾಗಿಲುಗಳ ಹೊರಗೋಡೆಗೆ ಒಂದೊಂದು ಹಿತ್ತಾಳೆ ಹಿಡಿ. ಹೊರಗಿನಿಂದ ಬೆಂಕಿ ಕಂಡವರು ಅದನ್ನು ಎಳೆದರೂ ಸರ ಕಡಿದು ಗಂಟೆ ಹೊಡೆಯುತ್ತದೆ.

ಎಂಟು ದಿನದ ಕೆಲಸ. ಪ್ರತಿ ಗಂಟಿಗೂ ತಂತಿ ಕೆರೆದು, ಹೊಸೆದು, ಇದ್ದಿಲ ಒಲೆಯಲ್ಲಿ ಕಾಯಿಸಿದ ಕಡ್ಡಿಯಿಂದ ಬೆಸುಗೆ ಹಾಕಿದೆ. ಕೊನೆಯದು ಹಿಂಬಾಗಿಲಿನ ಹಿಡಿ. ಅವತ್ತು ಸಂಜೆ ಇದ್ದಿಲು ಆರಿಹೋಗಿತ್ತು, ತುಮಕೂರಿನ ಪ್ಯಾಸೆಂಜರ್ ಗಾಡಿಗೆ ಹೊತ್ತಾಗಿತ್ತು. ಆ ಒಂದು ಗಂಟನ್ನು ಗಟ್ಟಿಯಾಗಿ ಹೊಸೆದು, ಟೇಪು ಸುತ್ತಿ, ಹಿಡಿಯ ಹಿಂದಿನ ಮರದ ಬಿಲ್ಲೆಯೊಳಗೆ ತುರುಕಿ ತಿರುಪು ಬಿಗಿದೆ. ನಾಳೆ ಬಂದು ಬೆಸುಗೆ ಹಾಕಿದರಾಯಿತು ಅಂದುಕೊಂಡೆ. ಮರುದಿನ ಬಂದವನು ಗಂಟೆ ಹೊಡೆಸಿ ತೋರಿಸುವ ಸಂಭ್ರಮದಲ್ಲಿ ಅದನ್ನು ಮರೆತೆ.

ಆ ಸಂಭ್ರಮದ ದಿನ ಉಗ್ರಾಣದ ಕಾವಲುಗಾರನಿಗೂ ಎಲ್ಲ ತೋರಿಸಿದೆ. ಅರವತ್ತು ದಾಟಿದ ಅಜ್ಜ. ಕುಣಿಗಲ್ ತಾಲೂಕು, ಯಡಿಯೂರಿನ ಹತ್ತಿರದ ಹಳ್ಳಿಯವನು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಹೆಗಲ ಮೇಲೆ ಮಡಿಸಿದ ಕಂಬಳಿ. ಹೇಳಿದ್ದಕ್ಕೆಲ್ಲ 'ಹೂಂ ಸಾಮಿ' ಅನ್ನುತ್ತಿದ್ದ. ಹಿಂಬಾಗಿಲಿನ ಹಿಡಿಯ ಹತ್ತಿರ ನಿಂತು ಹೇಳಿದೆ: "ನೋಡಜ್ಜ, ಇದು ಹಿತ್ತಾಳೆ. ಕಿಲುಬು ಹಿಡಿದ್ರೆ ಹಾಳಾಗುತ್ತೆ. ದೇವರ ಸಾಮಾನು ಬೆಳಗಿಟ್ಟ ಹಾಗೆ ಬೆಳಗಿಟ್ಟಿರ್ಬೇಕು, ತಿಳೀತಾ?"

"ಹೂಂ ಸಾಮಿ," ಅಂದ.

ಸಾಹುಕಾರರು ಶಹಭಾಸ್ ಅಂದರು. ನಾನು ಬೀಗಿಕೊಂಡು ತುಮಕೂರಿಗೆ ಬಂದೆ.

ಎರಡು ತಿಂಗಳು ಕಳೆಯಿತೋ ಇಲ್ಲವೋ, ಗುಬ್ಬಿಯಿಂದ ಕರೆ ಬಂತು. ಮಟಮಟ ಮಧ್ಯಾಹ್ನ, ಮಂಡಿ ಮುಚ್ಚಿ ಎಲ್ಲರೂ ಊಟಕ್ಕೆ ಹೋಗಿದ್ದಾಗ ಗಂಟೆ ಹೊಡೆದಿದೆ. ಹಮಾಲಿಗಳು ಕೊಡ ಹೊತ್ತು ಓಡಿ ಬಂದಿದ್ದಾರೆ. ಗುಮಾಸ್ತ ಕೈತುತ್ತು ಬಿಟ್ಟು ಬಂದು ಬೀಗ ತೆಗೆದಿದ್ದಾನೆ. ಒಳಗೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ.

ಹೋದೆ. ನನ್ನ ಹತ್ತಿರ ಒಂದು ಗ್ಯಾಲ್ವನೋಮೀಟರ್ ಇತ್ತು, ಕರೆಂಟು ಎಷ್ಟು ಹರಿಯುತ್ತಿದೆ ಅಂತ ಸೂಜಿಯಲ್ಲಿ ತೋರಿಸುವ ಪೆಟ್ಟಿಗೆ. ಕೆಲಸ ಮುಗಿಸಿದ ದಿನ ಸೂಜಿ ಇಪ್ಪತ್ತನೆಯ ಗೆರೆಯಲ್ಲಿ ನಿಂತಿತ್ತು. ಈಗ ಹತ್ತೊಂಬತ್ತು. ಜಾಡಿಗಳ ನೀರು ಕಡಿಮೆಯಾಗಿರಬೇಕು ಅಂದುಕೊಂಡು ತುಂಬಿಸಿದೆ. ಏಣಿ ಹಾಕಿಕೊಂಡು ಸೀಸದ ತುಂಡುಗಳನ್ನು ಒಂದೊಂದಾಗಿ ನೋಡಿದೆ. ಮುಂದಿನ ಹಿಡಿ ಬಿಚ್ಚಿ ನೋಡಿದೆ. ಹಿಂದಿನ ಹಿಡಿಯ ಮುಚ್ಚಳ ತೆಗೆದು ಒಳಗಿನ ಸ್ಪ್ರಿಂಗು ನೋಡಿದೆ, ಫಳಫಳ ಹೊಳೆಯುತ್ತಿತ್ತು. ಅದರ ಹಿಂದಿನ ಮರದ ಬಿಲ್ಲೆ ಬಿಚ್ಚಲಿಲ್ಲ. ಅದರೊಳಗೆ ಇದ್ದದ್ದು ನನ್ನ ಕೈಗಂಟು ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಎರಡು ವಾರ ಬಿಟ್ಟು ಮತ್ತೆ ಹೊಡೆಯಿತು. ಆಮೇಲೆ ಮರುವಾರ. ಪ್ರತಿ ಸಲವೂ ನಾನು ಹೋಗುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು. ವೈದ್ಯರ ಮನೆ ಬಾಗಿಲಿಗೆ ಹೋದ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ. ನಾಲ್ಕನೆಯ ಸಲ ಹೊಡೆದಾಗ ಹಮಾಲಿಗಳಲ್ಲಿ ಅರ್ಧ ಜನ ಊಟ ಬಿಟ್ಟು ಏಳಲಿಲ್ಲವಂತೆ. ಸಾಹುಕಾರರಿಗೆ ಕಳವಳ ಶುರುವಾದದ್ದು ಅದಕ್ಕೆ. ಸುಳ್ಳು ಗಂಟೆಗೆ ಜನ ಒಗ್ಗಿಹೋದರೆ ನಿಜವಾದ ದಿನ ಯಾರು ಬರುತ್ತಾರೆ?

ಗುಮಾಸ್ತನ ತಲೆಯಲ್ಲಿ ಇನ್ನೊಂದು ಹುಳು ಹೊಕ್ಕಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಗಂಟೆ ಹೊಡದ್ರೆ ಬೀಗ ತೆಗೀಲೇಬೇಕು. ತೆಗದ್ರೆ ಹತ್ತು ಜನ ಒಳಕ್ಕೆ ನುಗ್ತಾರೆ. ಆ ಗಲಾಟೇಲಿ ಯಾವ್ ಮೂಟೆ ಯಾವ್ ಕಡೆ ಹೋಯ್ತು ಅಂತ ಯಾರ್ ನೋಡ್ತಾರೆ? ಮಧ್ಯಾಹ್ನ ಇಲ್ಲಿ ಇರೋನು ಒಬ್ನೇ, ಆ ಮುದುಕ. ಅವನಿಗೆ ಹೊರಗಿಂದ ಹಿಡಿ ಎಳೆಯೋದು ಎಷ್ಟೊತ್ತು?"

ನನ್ನಂಥವನ ಕಿವಿಗೆ ಇಂಥ ಮಾತು ಬಿದ್ದರೆ ಕೇಳಬೇಕೆ. ಆ ಕ್ಷಣದಿಂದ ಅಜ್ಜನ ಒಂದೊಂದು ನಡೆಯಲ್ಲೂ ಹುಳುಕು ಕಾಣತೊಡಗಿತು. ಯಾಕೆ ಇಷ್ಟು ಕಡಿಮೆ ಮಾತಾಡುತ್ತಾನೆ? ಕಂಬಳಿಯನ್ನು ಯಾಕೆ ಬಿಸಿಲಲ್ಲೂ ಹೆಗಲಿಂದ ಇಳಿಸುವುದಿಲ್ಲ? ನಾನು ಬಂದಾಗಲೆಲ್ಲ ಏಣಿ ಹಿಡಿಯಲು ತಾನೇ ಯಾಕೆ ಓಡಿ ಬರುತ್ತಾನೆ? ಒಳ್ಳೆಯತನ ಅನ್ನುವುದು ಅನುಮಾನದವನ ಕಣ್ಣಿಗೆ ಮೊದಲ ಸಾಕ್ಷಿ. ಗಂಟೆ ಹೊಡೆದ ದಿನಗಳನ್ನು ಗುಮಾಸ್ತನಿಂದ ಕೇಳಿ ಬರೆದುಕೊಂಡೆ. ನಾಲ್ಕೂ ಸೋಮವಾರ. ತಂತಿಗೆ ವಾರದ ಲೆಕ್ಕ ಗೊತ್ತಿಲ್ಲ, ಮನುಷ್ಯನಿಗೆ ಮಾತ್ರ ಗೊತ್ತು ಅಂತ ಖುಷಿಯಾಗಿ ಹೇಳಿದೆ.

ಸಾಹುಕಾರರು ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತಾ ಒಂದೇ ಮಾತು ಅಂದರು: "ನೋಡಪ್ಪ, ನಿನ್ ಕೆಲ್ಸ ಸರಿಯಾಗೈತೆ ಅಂದ್ರೆ ಅವ್ನು ಕಳ್ಳ. ಅವ್ನು ಸರಿಯಾಗವ್ನೆ ಅಂದ್ರೆ ನಿನ್ ಕೆಲ್ಸ ಸರಿಯಿಲ್ಲ. ಎರಡ್ರಾಗೆ ಯಾವ್ದು ಅಂತ ಬರೋ ಸೋಮವಾರ ನನಗೆ ಯೋಳು."

ಅವರು ಆ ಮಾತು ಹೇಳಿದ ಮೇಲೆ ನನಗೆ ಯಾವುದು ಬೇಕಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಅವನು ಕಳ್ಳನಾಗಿದ್ದರೆ ಸಾಕು ಅನ್ನಿಸಿತ್ತು.

ಉಗ್ರಾಣದ ಹಿಂಬಾಗಿಲಿನ ಎದುರಿನ ಓಣಿಯಲ್ಲಿ ಒಂದು ಸಣ್ಣ ಹೋಟೆಲು. ಸೋಮವಾರ ಹನ್ನೆರಡಕ್ಕೇ ಹೋಗಿ ಅದರ ಕಿಟಕಿಯ ಪಕ್ಕ ಕುಳಿತೆ. ಕಾಫಿಯ ಮೇಲೆ ಕಾಫಿ ಕುಡಿದೆ. ಮಂಡಿ ಮುಚ್ಚಿತು, ಜನ ಚದುರಿದರು. ಅಜ್ಜ ಬಾವಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದ. ಅತ್ತ ಇತ್ತ ನೋಡಿದ. ಆಮೇಲೆ ಗೋಡೆಯ ಹತ್ತಿರ ಹೋಗಿ ಹಿತ್ತಾಳೆ ಹಿಡಿಗೆ ಕೈ ಹಾಕಿದ. ಬೆನ್ನು ನನ್ನ ಕಡೆಗಿತ್ತು, ಅವನು ಏನು ಮಾಡುತ್ತಿದ್ದಾನೆ ಅನ್ನುವುದು ಕಾಣಲಿಲ್ಲ, ಕೈ ಮಾತ್ರ ಆಡುತ್ತಿತ್ತು. ಹತ್ತು ನಿಮಿಷ ಹಾಗೆಯೇ. ಗಂಟೆ ಹೊಡೆಯಲಿಲ್ಲ. ಹಿಡಿಗೆ ಕೈ ಮುಗಿದು, ದೂರದ ಹೊಂಗೆ ಮರದ ಕೆಳಗೆ ಹೋಗಿ ಕುಳಿತು ಬುತ್ತಿ ಬಿಚ್ಚಿದ. ನಾನು ಇನ್ನೊಂದು ಕಾಫಿ ಹೇಳಿದೆ. ಬಿಸಿಲು ಪಶ್ಚಿಮದ ಆ ಗೋಡೆಗೆ ತಿರುಗಿತು. ಅಜ್ಜ ಮುದ್ದೆಯ ಕೊನೆಯ ತುತ್ತು ಬಾಯಿಗಿಡುವಾಗ ಗಂಟೆ ಹೊಡೆಯಿತು.

ಎಲ್ಲರೂ ಬಂದರು. ಬೀಗ ತೆಗೆದು ಬಾಗಿಲು ದೂಡಿದ ಧಡಾರ್ ಸದ್ದಿಗೆ ಹಕ್ಕಿಗಳು ಹಾರಿದವು. ಗುಮಾಸ್ತ ನಾಲಿಗೆ ಎತ್ತಿಟ್ಟ, ಗಂಟೆ ನಿಂತಿತು. ಸಾಹುಕಾರರು ನನ್ನ ಮುಖ ನೋಡಿದರು.

"ಇವನು ಹಿಡಿಗೆ ಕೈ ಹಾಕಿದ್ದನ್ನು ಕಣ್ಣಾರೆ ನೋಡಿದೆ," ಅಂದೆ. "ಆಮೇಲೆ ಗಂಟೆ ಹೊಡೆಯಿತು."

ಎರಡು ವಾಕ್ಯವೂ ನಿಜ. ನಡುವಿನ ಒಂದು ಗಂಟೆಯ ಹೊತ್ತನ್ನು, ಹೊಂಗೆ ಮರವನ್ನು, ಮುದ್ದೆಯ ತುತ್ತನ್ನು ನಾನು ನುಂಗಿಬಿಟ್ಟೆ. ಆಗ ಅದು ಮುಖ್ಯ ಅನ್ನಿಸಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಅಜ್ಜ ಗಾಬರಿಯಾಗಲಿಲ್ಲ. "ಬೆಳಗ್ತಿದ್ದೆ ಬುದ್ಧಿ. ಕರೆಂಟಿನೋರೇ ಯೋಳವ್ರೆ," ಅಂದು ನನ್ನ ಕಡೆ ನೋಡಿದ.

ಸಾಹುಕಾರರೂ ನೋಡಿದರು. "ಬೆಳಗು ಅಂತ ಹೇಳಿರ್ಬಹುದು," ಅಂದೆ. "ಊರನ್ನೇ ಎಬ್ಬಿಸು ಅಂತ ಹೇಳಿಲ್ಲ."

ಹಮಾಲಿಗಳು ನಕ್ಕರು. ಚುರುಕಾದ ಮಾತು ಹೇಳಿದೆ ಅಂತ ನನಗೂ ಹೆಮ್ಮೆಯಾಯಿತು. ಅಜ್ಜ ಇನ್ನೂ ನನ್ನನ್ನೇ ನೋಡುತ್ತಿದ್ದ, ನಾನು ಇನ್ನೇನೋ ಹೇಳುವುದಿದೆ ಅನ್ನುವ ಹಾಗೆ. ಹೇಳಲಿಲ್ಲ. ಅವನೂ ಮಾತಾಡಲಿಲ್ಲ. ಪೊಲೀಸರಿಗೆ ಹಿಡಿದುಕೊಡುವುದು ಬೇಡ, ವಯಸ್ಸಾದವನು, ಊರಿಗೆ ಹೋಗಲಿ ಅಂತ ಸಾಹುಕಾರರು ದೊಡ್ಡ ಮನಸ್ಸು ಮಾಡಿದರು. ಅಜ್ಜ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಗಂಟೆ ನಿಂತಿತು. ಒಂದು ಸೋಮವಾರ, ಎರಡು ಸೋಮವಾರ, ಐದು ಸೋಮವಾರ. ಸಾಹುಕಾರರ ಹೆಂಡತಿಯ ಕಡೆಯವನೊಬ್ಬ ಕಾವಲಿಗೆ ಬಂದ. ಅವನು ಹಗಲೆಲ್ಲ ಮಲಗುತ್ತಿದ್ದ, ಆದರೂ ಗಂಟೆ ಒಂದು ಸಲವೂ ಹೊಡೆಯಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ಅಂಗಡಿಯ ಮಾಲೀಕರು ನನ್ನ ಬೆನ್ನು ತಟ್ಟಿದರು. ಸಾಹುಕಾರರು ತಮ್ಮ ನೆಂಟರೊಬ್ಬರ ಉಗ್ರಾಣಕ್ಕೂ ಇಂಥದೇ ಗಂಟೆ ಹಾಕಿಸುವ ಮಾತಾಡಿದರು.

ಆದರೆ ಅನುಮಾನದವನಿಗೆ ಒಂದು ಶಾಪವಿದೆ. ಬೇರೆಯವರ ಮೇಲಿನ ಅನುಮಾನ ಮುಗಿದರೆ ಅದು ಮನೆಗೇ ಬರುತ್ತದೆ. ಒಂದು ಗಂಟೆ ಮುಂಚೆ ಎಳೆದ ಹಿಡಿಗೆ ಒಂದು ಗಂಟೆ ಬಿಟ್ಟು ಗಂಟೆ ಹೊಡೆಯುವುದು ಹೇಗೆ? ಎಳೆದರೆ ತಕ್ಷಣ ಹೊಡೆಯಬೇಕು. ಎಳೆಯದಿದ್ದರೆ ಹೊಡೆಯಬಾರದು. ಇದು ನಾನೇ ಕಟ್ಟಿದ ಯಂತ್ರ, ನನಗೆ ಗೊತ್ತಿಲ್ಲವೆ? ಊಟಕ್ಕೆ ಕೂತಾಗ ಈ ಲೆಕ್ಕ, ಮಲಗಿದಾಗ ಈ ಲೆಕ್ಕ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕಂಡದ್ದನ್ನೇ ಪೂರ್ತಿ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಹೆಂಡತಿ ದೀಪದ ಕಂಬ, ಹರಿವಾಣ, ಗಂಟೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜುತ್ತಿದ್ದಳು. ಒಂದು ಚೊಂಬು ಹಿಂದಿನ ದಿನದಿಂದ ಹಾಗೇ ಉಳಿದಿತ್ತು, ಅದರ ಕೊರಳ ಸುತ್ತ ಹಸಿರು ಪಟ್ಟೆ.

"ಇದೇನೇ, ಬೆಳಗಿದ್ದಕ್ಕೇ ಕಿಲುಬು ಬಂದಿದೆ?" ಅಂದೆ.

"ಹುಳಿ ಹಚ್ಚಿ ತೊಳೆಯೋದು ಮರೆತ್ರೆ ಬರದೆ ಇರತ್ತಾ ರೀ? ಹಾಗೇ ಬಿಟ್ರೆ ಚೊಂಬನ್ನೇ ತಿಂದ್ಹಾಕತ್ತೆ. ಕರೆಂಟು ಗೊತ್ತು ನಿಮಗೆ, ಇದು ಗೊತ್ತಿಲ್ಲ," ಅಂದಳು.

ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ದೇವರ ಸಾಮಾನು ಬೆಳಗಿಟ್ಟ ಹಾಗೆ. ನನ್ನದೇ ಮಾತು. ನಮ್ಮ ಕಡೆ ದೇವರ ಸಾಮಾನನ್ನು ಯಾರಾದರೂ ಒಣ ಬಟ್ಟೆಯಲ್ಲಿ ಒರೆಸುತ್ತಾರೆಯೆ? ಶಿವಭಕ್ತನೊಬ್ಬ ಅದನ್ನು ಸೋಮವಾರ ಬಿಟ್ಟು ಇನ್ಯಾವ ದಿನ ಬೆಳಗುತ್ತಾನೆ?

ಜಾಡಿಗಳಿಗೆ ನೀರು ತುಂಬುವ ನೆಪ ಹೇಳಿ ಮರುದಿನ ಬೆಳಗಿನ ಗಾಡಿಗೆ ಗುಬ್ಬಿಗೆ ಹೋದೆ. ಸೂಜಿ ಹದಿನಾಲ್ಕರಲ್ಲಿತ್ತು. ಜಾಡಿಗಳನ್ನು ತುಂಬಿ, ಮೈಲುತುತ್ತ ಹೊಸದಾಗಿ ಹಾಕಿದೆ. ಆದರೂ ಹದಿನಾಲ್ಕೇ. ಅಂದರೆ ಸರದಲ್ಲಿ ಎಲ್ಲೋ ಕರೆಂಟು ತಿಣುಕುತ್ತಿದೆ. ಗಂಟೆ ಹೊಡೆಯುವಷ್ಟು ಕಡಿದಿಲ್ಲ, ಸುಮ್ಮನಿರುವಷ್ಟು ಕೂಡಿಯೂ ಇಲ್ಲ.

ಇಂಥದ್ದನ್ನು ಹುಡುಕುವುದು ಅರ್ಧರ್ಧ ಮಾಡಿ. ಸರದ ನಡುಮಧ್ಯಕ್ಕೆ ಒಂದು ಬಿಡಿ ತಂತಿ ಎಳೆದು ಮುಂಬಾಗಿಲಿನ ಕಡೆಯ ಅರ್ಧಕ್ಕೆ ಅಡ್ಡದಾರಿ ಮಾಡಿದೆ. ಸೂಜಿ ಅಲುಗಲಿಲ್ಲ. ತಪ್ಪು ಆ ಅರ್ಧದಲ್ಲಿಲ್ಲ. ಹಿಂಬಾಗಿಲಿನ ಅರ್ಧಕ್ಕೆ ಹಾಗೇ ಮಾಡಿದೆ, ಸೂಜಿ ಇಪ್ಪತ್ತಕ್ಕೆ ಏರಿತು. ಆ ಅರ್ಧವನ್ನು ಮತ್ತೆ ಅರ್ಧ ಮಾಡಿದೆ, ಅದನ್ನು ಮತ್ತೆ. ಪ್ರತಿ ಸಲವೂ ಬೇರೆ ಎಲ್ಲಾದರೂ ಇರಲಪ್ಪಾ ಅಂತ ಬೇಡಿಕೊಳ್ಳುತ್ತಾ ಏಣಿ ಸರಿಸಿದೆ. ಕೊನೆಗೆ ಉಳಿದದ್ದು ಒಂದು ಮೊಳ ತಂತಿ ಮತ್ತು ಹಿಡಿಯ ಹಿಂದಿನ ಮರದ ಬಿಲ್ಲೆ.

ತಿರುಪು ಬಿಚ್ಚಿದೆ. ಬಿಲ್ಲೆ ಕೈಗೆ ಬಂತು. ಹಿಡಿಯ ಕೆಳಗಿನಿಂದ ಒಳಕ್ಕೆ ಇಳಿದ ಕಂದು ಕಲೆಯ ಗೆರೆ ಸೀದಾ ನನ್ನ ಗಂಟಿಗೆ ಬಂದು ನಿಂತಿತ್ತು. ಟೇಪು ಕೊಳೆತಿತ್ತು. ಅದರೊಳಗೆ ತಾಮ್ರ ಗಿಳಿಹಸಿರಾಗಿತ್ತು. ಸಂದಿಯಲ್ಲಿ ಬೂದಿ. ಮೂಸಿದೆ, ಹುಳಿ ವಾಸನೆ. ಬೆಸುಗೆ ಇದ್ದಿದ್ದರೆ ಹುಳಿ ಒಳಗೆ ಹೋಗುತ್ತಿರಲಿಲ್ಲ. ಉಗ್ರಾಣದ ಎಲ್ಲ ಗಂಟುಗಳಲ್ಲಿ ಬೆಸುಗೆ ಇಲ್ಲದ್ದು ಅದೊಂದೇ.

ಇದ್ದಿಲ ಒಲೆ ಹೊತ್ತಿಸಿದ್ದೆ, ಬೆಸುಗೆ ಕಡ್ಡಿ ಕೆಂಪಗೆ ಕಾದಿತ್ತು. ತುಂಡರಿಸಿ, ಕೆರೆದು, ಬೆಸುಗೆ ಹಾಕಿ ಮುಚ್ಚಿದರೆ ಐದು ನಿಮಿಷ. ಗಂಟೆ ಇನ್ನೆಂದೂ ಸುಳ್ಳು ಹೊಡೆಯುವುದಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆದರೆ ಬೆಸುಗೆ ಹಾಕಿದೆನೆಂದರೆ ಆ ಹಸಿರು ಗಂಟು ಹೋಯಿತು, ಅಜ್ಜ ಕಳ್ಳನಲ್ಲ ಅನ್ನುವುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಹೋಯಿತು. ಕಡ್ಡಿಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಅದು ಆರಿ ಕಪ್ಪಾಯಿತು. ಮತ್ತೆ ಕಾಯಿಸಲಿಲ್ಲ. ಎದ್ದು ಸಾಹುಕಾರರನ್ನು ಕರೆಯಲು ಹೋದೆ.

ಅವರು, ಗುಮಾಸ್ತ, ನಾಲ್ಕಾರು ಹಮಾಲಿಗಳು ಬಂದರು. ಗಂಟನ್ನು ತೋರಿಸಿ, ಅದನ್ನು ಹಾಗೆಯೇ ಬಿಲ್ಲೆಯೊಳಗೆ ಇಟ್ಟು ಮುಚ್ಚಿದೆ. ಗುಮಾಸ್ತನ ಮನೆಯಿಂದ ಹುಣಸೆಹಣ್ಣು, ಬೂದಿ ತರಿಸಿ ಹಿಡಿಯನ್ನು ಅಜ್ಜನ ಹಾಗೆಯೇ ಬೆಳಗಿದೆ. ಹುಳಿನೀರು ಒಳಕ್ಕೆ ಇಳಿಯಿತು. ಸೂಜಿ ಹದಿನಾಲ್ಕರಿಂದ ಹದಿನೇಳಕ್ಕೆ ಏರಿತು.

"ಏರ್ತದಲ್ಲೋ," ಅಂದರು ಸಾಹುಕಾರರು.

"ಒದ್ದೆ ಇರೋವರೆಗೆ ಕರೆಂಟು ನೀರಲ್ಲೂ ಹಾಯುತ್ತೆ. ಒಣಗಿದ್ರೆ ಕಿಲುಬು ಅಡ್ಡ ಬಂದು ಸರ ಕಡಿಯುತ್ತೆ, ಬಾಗಿಲು ದೂಡಿದ ಅದುರಿಗೆ ಮತ್ತೆ ತಾಗುತ್ತೆ. ಒಣಗ್ಲಿ, ನೋಡಿ," ಅಂದೆ.

ಎಲ್ಲರೂ ಹೊಂಗೆ ಮರದ ಕೆಳಗೆ ಕುಳಿತೆವು. ಗೋಡೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಬಿಸಿಲು ತಿರುಗಿತು. ಗುಮಾಸ್ತ ಒಂದೆರಡು ಸಲ ಆಕಳಿಸಿದ. ನನಗೆ ಒಂದು ಕಡೆ ಗಂಟೆ ಹೊಡೆಯಲಿ ಅನ್ನಿಸುತ್ತಿತ್ತು, ಇನ್ನೊಂದು ಕಡೆ ಹೊಡೆಯದಿದ್ದರೆ ಎಷ್ಟು ಚೆನ್ನ ಅನ್ನಿಸುತ್ತಿತ್ತು. 'ಸಾಕು ಏಳ್ರೋ' ಅಂತ ಸಾಹುಕಾರರು ಎದ್ದು ಪಂಚೆ ಕೊಡವುವ ಹೊತ್ತಿಗೆ ಗಂಟೆ ಹೊಡೆಯಿತು. ಗೋಡೆಯ ಹತ್ತಿರ ಒಂದು ನಾಯಿಯೂ ಇರಲಿಲ್ಲ.

ಹಮಾಲಿಗಳಲ್ಲಿ ಒಬ್ಬ ಮೆಲ್ಲಗೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು," ಅಂದ.

ಸಾಹುಕಾರರು ನನ್ನ ಕಡೆ ತಿರುಗಿದರು. "ಅವತ್ತು ಕಣ್ಣಾರೆ ನೋಡ್ದೆ ಅಂದ್ಯಲ್ಲ. ಸುಳ್ಳಾ ಅದು?"

"ಸುಳ್ಳಲ್ಲ. ನೋಡಿದ್ದರಲ್ಲಿ ಅರ್ಧ ಹೇಳಿದೆ. ಅವನು ಈ ಮರದ ಕೆಳಗೆ ಊಟ ಮಾಡ್ತಿದ್ದಾಗ ಗಂಟೆ ಹೊಡೀತು."

"ಇವಾಗ ಯಾಕ್ ಯೋಳ್ತಿದೀಯ? ಮುದುಕನ ಕಡೆಯೋರು ಏನಾದ್ರೂ ಬಂದು ಹಿಡ್ಕೊಂಡ್ರಾ?"

ನನ್ನ ರೋಗ ಅವರಿಗೂ ಅಂಟಿತ್ತು. ಇಲ್ಲ ಅಂದೆ. ನಂಬಿದರೋ ಬಿಟ್ಟರೋ. ಬೆಸುಗೆ ಹಾಕಿಸಿಕೊಂಡರು, ನೆಂಟರ ಉಗ್ರಾಣದ ಕೆಲಸ ಬೇರೆಯವರಿಗೆ ಕೊಡುತ್ತೇನೆ ಅಂದರು. ಆಮೇಲೆ, "ಕಳ್ಸಿದೋನು ನೀನು. ನೀನೇ ಹೋಗಿ ಕರ್ಕೊಂಡ್ ಬಾ," ಅಂದರು. ತುಮಕೂರಿನಲ್ಲಿ ನಮ್ಮ ಮಾಲೀಕರು, "ನಿನ್ ಕೈಕೆಲ್ಸ ಸರಿಯಿಲ್ಲ ಅಂತ ನೀನೇ ಡಂಗುರ ಹೊಡೆದು ಬಂದ್ಯಾ?" ಅಂತ ಕೇಳಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಆ ಭಾನುವಾರ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗುವ ಬಸ್ಸು ಹತ್ತಿದೆ. ಕುಣಿಗಲ್‌ನಿಂದ ಇನ್ನೊಂದು ಬಸ್ಸು, ಆಮೇಲೆ ರಾಗಿ ಹೊಲಗಳ ನಡುವೆ ನಡಿಗೆ. ಅಜ್ಜ ಮಗಳ ಮನೆಯ ಜಗುಲಿಯಲ್ಲಿ ತೆಂಗಿನ ನಾರು ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮಗಳು ಬಾಗಿಲಿಗೆ ಬಂದಳು.

"ಇನ್ನೇನ್ ಹೊರ್ಸಕ್ಕೆ ಬಂದ್ರಿ? ನಮ್ಮಪ್ಪನ್ನ ತ್ವಾಟ ಕಾಯಕ್ಕೂ ಯಾರೂ ಕರೀತಿಲ್ಲ. ನಮ್ಮತ್ತೆ ಮನೆಯೋರು ಅಡುಗೆಮನೆಗೆ ಬೀಗ ಹಾಕ್ತವ್ರೆ," ಅಂದಳು.

"ಸುಮ್ಕಿರವ್ವ," ಅಂದ ಅಜ್ಜ. "ಬಿಸಿಲಾಗೆ ಬಂದವ್ರೆ. ನೀರು ಕೊಡು."

ನೀರು ಕುಡಿದು ಎಲ್ಲ ಹೇಳಿದೆ, ಬೆಸುಗೆ ಇಲ್ಲದ ಗಂಟು, ಹುಣಸೆಹುಳಿ, ಮರದ ಕೆಳಗೆ ಕೂತು ಕಾದದ್ದು, ಸಾಹುಕಾರರು ಕರೆದುಕೊಂಡು ಬಾ ಅಂದದ್ದು. ನಾನು ಹೋಟೆಲಿನ ಕಿಟಕಿಯಲ್ಲಿದ್ದುದನ್ನು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಅದೆಲ್ಲವನ್ನೂ ಅತ್ತೆಮನೆಯವರ ಮುಂದೆ ಇನ್ನೊಂದು ಸಲ ಹೇಳಿಸಿದಳು. ಹೇಳಿದೆ. ಅಜ್ಜ ನಕ್ಕ. "ಉಣಸೆಹಣ್ಣು ಇಷ್ಟೆಲ್ಲಾ ಮಾಡ್ತಾ," ಅಂದು ಒಳಗೆ ಹೋಗಿ ಕಂಬಳಿ ತಂದ.

ಹೊಲದ ಬದುವಿನ ಮೇಲೆ ನಡೆಯುವಾಗ ಅವನು ನನ್ನ ಮೊಣಕೈ ಹಿಡಿದುಕೊಂಡ. "ಇಲ್ಲಿ ಗುಂಡಿ ಐತೆ ಸಾಮಿ, ನೋಡ್ಕಂಡು." ನನಗೆ ಕಾಣುತ್ತಲೇ ಇತ್ತು. ಸ್ವಲ್ಪ ಮುಂದೆ, "ಮುಳ್ಳೈತೆ." ಬಸ್ಸು ಹತ್ತುವಾಗ, "ಮೆಟ್ಲು ಎತ್ರ ಐತೆ." ಇದೇನು, ಮುದುಕ ನನ್ನನ್ನು ಲೇವಡಿ ಮಾಡುತ್ತಿದ್ದಾನೆಯೆ ಅಂತ ಅನುಮಾನ ಬಂತು. ಅನುಮಾನ ಬರದೆ ನನಗೆ ಇನ್ನೇನು ಬರುತ್ತದೆ.

ಕುಣಿಗಲ್ ಬಿಟ್ಟ ಮೇಲೆ ಅವನೇ ಮಾತು ತೆಗೆದ. "ಅವತ್ತು ನೀವು ಹೋಟ್ಲಾಗೆ ಕುಂತಿದ್ರಲ್ಲ ಸಾಮಿ, ಕಿಟಕಿ ತಾವ. ನಾನು ನೋಡಿದ್ದೆ."

ನಾನು ಬಸ್ಸಿನ ಟಿಕೆಟ್ಟನ್ನು ಬೆರಳಲ್ಲಿ ಸುರುಳಿ ಸುತ್ತತೊಡಗಿದೆ.

"ಅದ್ಕೇ ಸಾಹುಕಾರ್ರು ಬಯ್ವಾಗ ನನಗೆ ಭಯ ಆಗ್ಲಿಲ್ಲ. ನಾನು ಉಣ್ತಿದ್ದಾಗ ಗಂಟೆ ಹೊಡೀತು, ಕರೆಂಟಿನೋರು ನೋಡವ್ರೆ, ಅವ್ರೇ ಯೋಳ್ತಾರೆ, ನಾನ್ಯಾಕೆ ಬಾಯಿ ಮಾಡ್ಲಿ ಅಂದ್ಕಂಡೆ. ನೀವು ಯೋಳ್ಲಿಲ್ಲ." ಬಸ್ಸು ಕುಲುಕಿತು, ಅವನು ನನ್ನ ಮೊಣಕೈ ಹಿಡಿದುಕೊಂಡ. "ಆಮ್ಯಾಕೆ ಊರಿಗೆ ಬಂದು ಯೋಚ್ನೆ ಮಾಡ್ದೆ. ಪಾಪ, ಸಣ್ಣ ವಯ್ಸಿಗೇ ಇವ್ರಿಗೆ ದೂರದ್ದು ಕಾಣಕ್ಕಿಲ್ಲ, ಅದ್ಕೇ ಹಂಗಾಯ್ತು ಅಂತ. ಮಗಳಿಗೂ ಹಂಗೇ ಯೋಳಿದ್ದೆ."

ಅಷ್ಟು ದಿನ ಆ ಮನುಷ್ಯ ನನ್ನ ಮೇಲೆ ಅನುಮಾನ ಪಡಲು ಒಪ್ಪದೆ, ನನಗೊಂದು ಕಣ್ಣಿನ ದೋಷವನ್ನು ಕಲ್ಪಿಸಿಕೊಂಡು ಬದುಕಿದ್ದ. ನನಗೆ ಅಳು ಬಂತು. ಹೌದು ಅಜ್ಜ, ಕಣ್ಣು ಮಂಜು ಅಂದುಬಿಟ್ಟರೆ ಅವನಿಗೂ ಸಮಾಧಾನ, ನನಗೂ ಸಮಾಧಾನ.

"ಕಂಡಿತ್ತು ಅಜ್ಜ," ಅಂದೆ. "ಚೆನ್ನಾಗಿ ಕಂಡಿತ್ತು."

ಅವನ ಕೈ ನನ್ನ ಮೊಣಕೈಯ ಮೇಲೆ ಇತ್ತು. ಅದನ್ನು ತೆಗೆದು ತನ್ನ ಕಂಬಳಿಯ ಮೇಲೆ ಇಟ್ಟುಕೊಂಡ. ಹೆಬ್ಬೂರು ಬಂತು, ಹೋಯಿತು. ತುಮಕೂರಿನ ಬಸ್ ನಿಲ್ದಾಣದಲ್ಲಿ ಅಜ್ಜ ಮೊದಲು ಇಳಿದ. ಮೆಟ್ಟಿಲು ಎತ್ತರವಿತ್ತು, ಈ ಸಲ ಅವನು ಹೇಳಲಿಲ್ಲ.